ಕೋರ್ಟು ಏಳುವ ತನಕ

ಹೆಣಕ್ಕೆ ಸೀರೆಯ ಮೇಲೆ ತೊಡಿಸಿದ ಅಂಗಿಯ ಕೊನೆಯ ಗುಂಡಿ ಹಾಕುತ್ತಿದ್ದ ದೊಡ್ಡಕ್ಕನ ಹೆಬ್ಬೆರಳಿಗೆ ಚುರುಕ್ಕೆಂದಿತು. ಕೊರಳಪಟ್ಟಿ ಮಗುಚಿ ನೋಡಿದರೆ ಒಳಮಡಿಕೆಯಲ್ಲಿ ಒಂದು ಸೂಜಿ, ಅದರ ಕಣ್ಣಿನಲ್ಲಿ ಗೇಣುದ್ದದ ಕರಿ ದಾರ.

"ಸತ್ತ ಮೇಲೂ ಚುಚ್ಚೋದು ಬಿಡಲಿಲ್ಲ ನೋಡು."

"ತೆಗೆದಿಟ್ಟಿದ್ದ ಒಳ್ಳೇ ಅಂಗೀಲೂ ಸಿಗಿಸಿಟ್ಟಿದಾರಲ್ಲ," ಎಂದಳು ಪಕ್ಕದ ಮನೆಯ ಇಸ್ತ್ರಿಯವಳು. "ಇರ್ಲಿ ಬಿಡಿ ದೊಡ್ಡಕ್ಕ. ಜೊತೆಗೇ ಹೋಗ್ಲಿ."

"ಹೋಗೋ ಕಡೆ ಯಾರ ಅಂಗಿ ಹರಿದಿರುತ್ತಂತೆ?" ದೊಡ್ಡಕ್ಕ ಸೂಜಿ ಕಿತ್ತು ಕಿಟಕಿಯ ಮೇಲಿಟ್ಟಳು.

ಏಳು ಸಮುದ್ರದಾಚೆಯ ಗಿಳಿಯಲ್ಲಿ ರಾಕ್ಷಸನ ಪ್ರಾಣವಿರುತ್ತಿತ್ತಲ್ಲ, ಹಾಗೆ ಸತ್ತ ಈ ಹೆಂಗಸಿನ ಪ್ರಾಣವೆಲ್ಲ ಆ ಸೂಜಿಯಲ್ಲಿತ್ತು. ದರ್ಜಿಗಳು ಹೊಲಿದ ಅಂಗಿ ಕೋಟುಗಳಿಗೆ ಗುಂಡಿ ತೂರುವ ಕಂಡಿ ಕತ್ತರಿಸಿ, ಸುತ್ತ ದಾರ ಹೆಣೆಯುವುದು ಅವಳ ಕಸುಬು. ನಲವತ್ತು ವರ್ಷ ಕಾಜಾ ಹೊಲಿದು ಹೊಲಿದು ಅವಳ ಹೆಸರೇ ಕಾಜಾಕ್ಕ ಎಂದಾಗಿತ್ತು. ದೊಡ್ಡಕ್ಕನಿಗೆ ಅವಳು ತಮ್ಮನ ಹೆಂಡತಿ. ತಾಯಿ ಇಲ್ಲದ ಆ ತಮ್ಮನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು ದೊಡ್ಡಕ್ಕ.

ಬೀದಿಯ ದರ್ಜಿಗಳೆಲ್ಲ ಅಂಗಡಿ ಮುಚ್ಚಿ ಬಂದಿದ್ದರು. ಬಾಡಿಗೆ ಕುರ್ಚಿ ಸಾಲದೆ ಕೆಲವರು ಗೋಡೆಗೊರಗಿ ನಿಂತಿದ್ದರು. ನಾನು ಸತ್ತರೆ ಇದರಲ್ಲಿ ಅರ್ಧ ಕುರ್ಚಿಯೂ ತುಂಬಲಾರದು ಎಂದುಕೊಂಡಳು ದೊಡ್ಡಕ್ಕ.

"ಎಂಥಾ ಗಟ್ಟಿ ಜೀವ ಅದು," ಹೊರಗೆ ಕೋಟಿನ ದರ್ಜಿ ಹೇಳುತ್ತಿದ್ದ. "ಗಂಡನ ನೋವು ನೋಡಕ್ಕಾಗದೆ..."

"ಮೆಲ್ಲಗೆ ಮಾತಾಡೋ, ಅವನ ಅಕ್ಕ ಒಳಗಿದಾರೆ."

"ಕೇಳಿಸ್ಲಿ ಬಿಡಿ. ಅವನು ಬೇಡ್ಕೊಂಡಿದ್ದು ಹೆಂಡ್ತಿ ಹತ್ರ ತಾನೆ?"

ಇಪ್ಪತ್ತೆರಡು ವರ್ಷದಿಂದ ದೊಡ್ಡಕ್ಕನ ಹೊಟ್ಟೆಯೊಳಗೆ ಬೂದಿ ಮುಚ್ಚಿಕೊಂಡಿದ್ದ ಕೆಂಡ ಅದೇ ಮಾತು. ತಮ್ಮ ಸತ್ತದ್ದನ್ನು ಅವಳು ಹೇಗೋ ನುಂಗಿಕೊಂಡಿದ್ದಳು. ಸಾವನ್ನು ಅವನು ತನ್ನ ಹತ್ತಿರ ಕೇಳಲಿಲ್ಲವಲ್ಲ, ಅದು ಮಾತ್ರ ಗಂಟಲಲ್ಲಿ ಇಳಿದಿರಲಿಲ್ಲ.

* * *

ತಮ್ಮನಿಗೆ ಮೂಳೆಯೊಳಗೇ ಹತ್ತಿದ ಕಾಯಿಲೆ. ಹೊದಿಕೆ ತಾಗಿದರೂ ಚೀರುತ್ತಿದ್ದ. ಒಂದು ಬೆಳಿಗ್ಗೆ ಕಾಜಾಕ್ಕ ನೋವಿನ ಮದ್ದನ್ನು ಅಳತೆ ಮೀರಿ ಕುಡಿಸಿದಳು. ಉಸಿರು ನಿಂತ ಮೇಲೆ ಅವನ ಮುಖ ಒರೆಸಿ, ತಾನೇ ನಡೆದು ಹೋಗಿ ಪೊಲೀಸರಿಗೆ ಹೇಳಿದಳು.

ಕೋರ್ಟಿನಲ್ಲಿ ಅವಳ ವಕೀಲ ದೊಡ್ಡಕ್ಕನನ್ನು ಕೇಳಿದ. "ನನ್ನನ್ನ ಸಾಯಿಸಿಬಿಡು ಅಂತ ನಿಮ್ಮ ತಮ್ಮ ಯಾವತ್ತಾದ್ರೂ ಅಂದಿದ್ರಾ ತಾಯಿ?"

ಹೌದೆಂದಿದ್ದರೆ ಕಾಜಾಕ್ಕನಿಗೆ ಆಸರೆಯಾಗುತ್ತಿತ್ತು.

"ನನ್ನ ಹತ್ರ ಒಂದು ಮಾತೂ ಅಂದಿಲ್ಲ," ಎಂದಳು ದೊಡ್ಡಕ್ಕ. "ಸಾಕಿದೋಳಿಗೆ ಹೇಳದ್ದನ್ನ ನಿನ್ನೆ ಮೊನ್ನೆ ಬಂದೋಳಿಗೆ ಹೇಳಿದ್ದ ಅಂದ್ರೆ ನಾನು ನಂಬಲ್ಲ." ನಿನ್ನೆ ಮೊನ್ನೆ ಬಂದವಳು ಬಂದು ಹದಿನೆಂಟು ವರ್ಷವಾಗಿತ್ತು.

ನ್ಯಾಯಾಧೀಶರು ಕನ್ನಡಕ ತೆಗೆದಿಟ್ಟು ತೀರ್ಪು ಓದಿದರು. ಬೇಡಿಕೊಂಡರೂ ಕೊಂದದ್ದು ಕೊಂದದ್ದೇ, ಅದಕ್ಕೆ ಶಿಕ್ಷೆ ಆಗಲೇಬೇಕು. ಆ ಶಿಕ್ಷೆ ಎಷ್ಟೆಂಬುದು ಮಾತ್ರ ತಮ್ಮ ಕೈಯಲ್ಲಿದೆ. ಈ ದಿನದ ಕಲಾಪ ಮುಗಿದು ಕೋರ್ಟು ಏಳುವ ತನಕ ಅಪರಾಧಿ ಇಲ್ಲೇ ಕೂತಿರತಕ್ಕದ್ದು.

ಅವಳಿಗೆ ಸಂಜೆಯ ತನಕ. ನನಗೆ ಎಲ್ಲಿಯ ತನಕ? ದೊಡ್ಡಕ್ಕ ಹಿಂದಿರುಗಿ ನೋಡದೆ ಮೆಟ್ಟಿಲಿಳಿದಿದ್ದಳು.

ಆಮೇಲೆ ಒಂದೇ ಸೂರು, ಎರಡು ಒಲೆ. ಕಳೆದ ಆರು ತಿಂಗಳು ಕಾಜಾಕ್ಕ ಹಾಸಿಗೆ ಹಿಡಿದಾಗ ಮಗ್ಗುಲು ತಿರುಗಿಸಿದವಳು ದೊಡ್ಡಕ್ಕನೇ. ಇವಳಾದರೂ ಸಾವನ್ನು ನನ್ನ ಹತ್ತಿರ ಕೇಳಿಯಾಳೇ ಎಂದು ಹೆದರುತ್ತಲೇ ಕಾದಳು. ಕಾಜಾಕ್ಕ ಹಲ್ಲು ಕಚ್ಚಿಕೊಂಡು ಕೇಳಿದ್ದು ಇಷ್ಟೇ: "ಒಂದು ಗುಟುಕು ನೀರು ಕೊಡ್ತೀರಾ ಅತ್ತಿಗೆ?"

* * *

ಮಾಸಿದ ಕಪ್ಪು ಕೋಟಿನ ಮುದುಕನೊಬ್ಬ ಬಂದು ಹೆಣಕ್ಕೆ ಕೈಮುಗಿದ. ದೊಡ್ಡಕ್ಕನ ಪಕ್ಕದ ಸ್ಟೂಲಿನಲ್ಲಿ ಕೂತ.

"ನಾನು ಕೋರ್ಟಲ್ಲಿ ಜವಾನ ಆಗಿದ್ದೆ ಅಮ್ಮ. ಆ ದಿನ ಇವರಿಗೆ ನಾನೇ ಕಾವಲು." ಕೋಟಿನ ನಡುಗುಂಡಿ ಬಿಚ್ಚಿ ಕಂಡಿ ತೋರಿಸಿದ. "ಇದು ಇವರದ್ದೇ ಹೊಲಿಗೆ. ಕೋಟು ಹರೀತು, ಇದು ಬಿಡಲಿಲ್ಲ."

"ಕೋರ್ಟಲ್ಲಿ ಹೊಲಿಗೆಯಾ?"

"ಮೂರು ಗಂಟೆಗೆಲ್ಲ ಕೇಸು ಖಾಲಿ. ಸಾಹೇಬ್ರು ಎದ್ದುಬಿಡಬಹುದಿತ್ತು. ಏಳಲಿಲ್ಲ, ಶಿಕ್ಷೆ ಅಂದ್ಮೇಲೆ ಶಿಕ್ಷೆ ಅಂತ ಐದು ಹೊಡೆಯೋವರೆಗೂ ಬರೀ ಮೇಜು ಕಾದ್ರು. ಇವರು ಕೊರಳಪಟ್ಟಿಯಿಂದ ಸೂಜಿ ತೆಗೆದು ನನ್ನ ಕೋಟು ಎಳಕೊಂಡಾಗ ಮಾತ್ರ ಸಾಹೇಬ್ರು ಕಿಟಕಿ ಕಡೆ ಮುಖ ತಿರುಗಿಸ್ಕೊಂಡ್ರು."

ದೊಡ್ಡಕ್ಕ ಬಗ್ಗಿ ಆ ಕಂಡಿಯ ಅಂಚನ್ನು ಉಗುರಿನಿಂದ ಎಳೆದು ನೋಡಿದಳು.

"ಬಾಯಿ ತಡೀಲಾರದೆ ನಾನೇ ಕೇಳ್ದೆ, ಹೆತ್ತ ತಾಯಿ ಥರ ಅಕ್ಕ ಇದ್ರಲ್ಲ, ಅವರನ್ಯಾಕೆ ಕೇಳ್ಲಿಲ್ಲ ನಿಮ್ಮೆಜಮಾನ್ರು ಅಂತ."

"ಏನಂದ್ಲು?"

"'ಅಕ್ಕ ಇಲ್ಲ ಅನ್ನಲ್ಲ, ಅದಕ್ಕೇ ಅಕ್ಕನ್ನ ಕೇಳಬಾರದು. ಎತ್ತಿ ಆಡಿಸಿದ ಕೈ ಅದು.' ಹಾಗಂದಿದ್ರಂತೆ ನಿಮ್ಮ ತಮ್ಮ."

ಕಿಟಕಿಯ ಮೇಲಿನ ಸೂಜಿ ಬಿಸಿಲಿಗೆ ಮಿನುಗಿತು.

"ಇದನ್ನ ಅಲ್ಲೇ ಬಾಯಿಬಿಡೋಕೆ ಏನಾಗಿತ್ತು ಅವಳಿಗೆ?"

"ಹೇಳಿದ್ರೆ, 'ನಾನೂ ಮಾಡ್ತಿದ್ದೆ' ಅಂತ ನೀವೂ ಬಂದು ಕಟಕಟೇಲಿ ಪಕ್ಕ ನಿಂತುಬಿಡ್ತೀರಂತೆ. 'ಅತ್ತಿಗೆ ನನ್ನ ಬೈಕೊಂಡು ಮನೇಲೇ ಇರ್ಲಿ' ಅಂದ್ರು."

ದೊಡ್ಡಕ್ಕನ ಹೊಟ್ಟೆಯ ಕೆಂಡ ಆರಲಿಲ್ಲ, ಮಗ್ಗುಲು ಬದಲಿಸಿತು. ತಮ್ಮನ ಮನಸ್ಸು ಬಲ್ಲವಳು ಇವಳು. ತನ್ನ ಮನಸ್ಸನ್ನೂ ಬಲ್ಲವಳು ಇವಳೇ. ಇದರಲ್ಲೂ ಗೆದ್ದು ಮಲಗಿಬಿಟ್ಟಿದ್ದಾಳೆ, ಮಾತಿಗೆ ಮಾತು ಕೊಡಲೂ ಎದ್ದು ಬಾರದ ಹಾಗೆ.

"ಗಾಡಿ ಬಂತು," ಕೋಟಿನ ದರ್ಜಿ ಬಾಗಿಲಲ್ಲಿ ಇಣುಕಿದ. "ಎತ್ತೋಣ್ವಾ ದೊಡ್ಡಕ್ಕ?"

"ತಡೀರಿ. ಯಾರೂ ಮುಟ್ಟಬೇಡಿ."

ಅವಳು ಕಿಟಕಿಯ ಮೇಲಿಂದ ಸೂಜಿ ತಂದಳು. ಜೋತಾಡುತ್ತಿದ್ದ ದಾರವನ್ನು ಸುತ್ತಿ ಗಂಟಿಟ್ಟಳು. ಕೊರಳಪಟ್ಟಿ ಮಗುಚಿ, ಸೂಜಿಯ ಮೊನೆಗೂ ಆ ತಣ್ಣನೆಯ ಕೊರಳಿಗೂ ನಡುವೆ ತನ್ನ ಬೆರಳನ್ನು ಅಡ್ಡವಿಟ್ಟುಕೊಂಡು, ಮೆಲ್ಲಗೆ, ನಿದ್ದೆಯಲ್ಲಿರುವವರಿಗೆ ಎಚ್ಚರವಾಗದ ಹಾಗೆ, ಅದನ್ನು ಮಡಿಕೆಯೊಳಗೆ ತೂರಿಸತೊಡಗಿದಳು.