ಮೂರನೇ ಇಳಿತ

ಬೆಳಿಗ್ಗೆ ಹತ್ತೂವರೆಗೆ ಪರದೆಯ ಮೇಲಿನ ಗೆರೆ ಮೂರನೇ ಜಾಗದಲ್ಲಿ ತಗ್ಗಿತು. ಬೀದರಿನ ಶಾಲೆಯೊಂದರ ಸಭಾಂಗಣದಲ್ಲಿ ಜಿಲ್ಲಾ ವಿಜ್ಞಾನ ವಸ್ತುಪ್ರದರ್ಶನದ ಶಿಕ್ಷಕರ ವಿಭಾಗ ಆಗಷ್ಟೇ ಶುರುವಾಗಿತ್ತು. ಔರಾದಿನ ಪ್ರೌಢಶಾಲೆಯ ವಿಜ್ಞಾನ ಶಿಕ್ಷಕಿ ಮಹಾಮಾಯಾ, ಮೊಬೈಲು ಅಲುಗಿರಬೇಕೆಂದು ಅದನ್ನು ಒತ್ತಿ ಕೂರಿಸಿದಳು. ಇನ್ನೊಂದು ಸುತ್ತು ಕಾದಳು. ಗೆರೆ ಅದೇ ಜಾಗದಲ್ಲಿ ಮತ್ತೆ ತಗ್ಗಿತು.

ಅವಳ ಮುಂದಿದ್ದದ್ದು ಒಂದು ಕರಿ ಪೆಟ್ಟಿಗೆ. ಹಿಂದಿನ ಜನ್ಮದಲ್ಲಿ ಅದು ಡಿಜೆ ಸ್ಪೀಕರು. ಈಗ ಅದರ ಹೊಟ್ಟೆಯಲ್ಲಿ ಒಂದು ದುಂಡು ಬಲ್ಬು ಉರಿಯುತ್ತಿತ್ತು, ಅದು ನಕ್ಷತ್ರ. ಸುತ್ತ ತಂತಿಗೆ ಸಿಕ್ಕಿಸಿದ ಕರಿ ಗುಂಡುಗಳನ್ನು ಮೋಟಾರುಗಳು ತಿರುಗಿಸುತ್ತಿದ್ದವು, ಅವು ಗ್ರಹಗಳು. ಎಷ್ಟು ಗುಂಡುಗಳಿವೆ ಎಂಬುದು ಹೊರಗಿನವರಿಗೆ ಕಾಣುವಂತಿರಲಿಲ್ಲ. ಪೆಟ್ಟಿಗೆಗೆ ಇದ್ದದ್ದು ರೂಪಾಯಿ ನಾಣ್ಯದಷ್ಟು ಒಂದೇ ತೂತು. ಆ ತೂತಿಗೆ ಮೊಬೈಲು ಇಟ್ಟರೆ ಅದು ಒಳಗಿನ ಬೆಳಕನ್ನು ಅಳೆದು ಪರದೆಯ ಮೇಲೆ ಗೆರೆ ಎಳೆಯುತ್ತಿತ್ತು. ಗುಂಡು ಬಲ್ಬಿಗೆ ಅಡ್ಡ ಬಂದಾಗ ಗೆರೆ ತಗ್ಗುತ್ತಿತ್ತು. ದೂರದ ನಕ್ಷತ್ರಗಳನ್ನು ಸುತ್ತುವ ಗ್ರಹಗಳಲ್ಲಿ ಈವರೆಗೆ ಸಿಕ್ಕವು ಬಹುಪಾಲು ಹೀಗೆಯೇ ಸಿಕ್ಕಿವೆ. ಗ್ರಹ ಕಾಣುವುದಿಲ್ಲ; ಅದು ಅಡ್ಡ ಹಾದಾಗ ನಕ್ಷತ್ರ ಚೂರು ಮಂಕಾಗುವುದು ಕಾಣುತ್ತದೆ.

ಪಂದ್ಯದ ನಿಯಮ ಮಹಾಮಾಯಾಳದೇ. ಗುಂಡುಗಳನ್ನು ಬೇರೆಯವರು ಹಾಕಿ ಪೆಟ್ಟಿಗೆ ಮುಚ್ಚಬೇಕು. ಅವಳು ಗೆರೆ ಓದಿ ತೀರ್ಪುಗಾರರಿಗೆ ಸಂಖ್ಯೆ ಹೇಳಬೇಕು. ಆಮೇಲೆ ಪೆಟ್ಟಿಗೆ ತೆರೆಯಬೇಕು. ತಪ್ಪಿದರೆ ಮಾದರಿ ಸ್ಪರ್ಧೆಯಿಂದ ಹೊರಗೆ ಎಂದು ತಾನೇ ಬೋರ್ಡು ಬರೆದು ಮೇಜಿನ ಮೇಲೆ ನಿಲ್ಲಿಸಿದ್ದಳು.

ಇಷ್ಟು ಬಿಗಿ ಹಿಡಿಯಲು ಕಾರಣವಿತ್ತು. ಹೋದ ವರ್ಷ ಅವಳ ನೀರಿನ ರಾಕೆಟ್ಟು ಮೇಲೆ ಹೋಗುವುದನ್ನು ಬಿಟ್ಟು ಅಡ್ಡ ಹೋಗಿ, ತೀರ್ಪು ಕೊಡಲು ಬಂದ ಪರಿವೀಕ್ಷಕರ ಸಫಾರಿಯನ್ನು ಕಾಲರಿನಿಂದ ಮೊಣಕಾಲಿನವರೆಗೆ ತೋಯಿಸಿತ್ತು. ಅಂದಿನಿಂದ ಔರಾದಿನ ಸ್ಟಾಫ್ ರೂಮಿನಲ್ಲಿ ಅವಳ ಹೆಸರು ನೀರಿನ ಮೇಡಂ. ಈ ಸಲವೂ ಕೆಟ್ಟರೆ ಮುಂದಿನ ವರ್ಷ ಗಣಿತದ ಸಂಜುಕುಮಾರ ಸರ್ ಹೋಗಲಿ ಎಂದು ಮುಖ್ಯೋಪಾಧ್ಯಾಯರು ಹೇಳಿಯಾಗಿತ್ತು. ಸಂಜುಕುಮಾರರು ಥರ್ಮಾಕೋಲು ತಂದಿಟ್ಟುಕೊಂಡೂ ಆಗಿತ್ತು.

ಮೈಲೂರಿನಿಂದ ಆಟೊ ಹಿಡಿದು ಅತ್ತೆ ಗಿರಿಜಾಬಾಯಿಯೂ ಬಂದಿದ್ದರು. ಸೊಸೆಯ ಮೇಜಿನ ಪಕ್ಕದಲ್ಲೇ ಪ್ಲಾಸ್ಟಿಕ್ ಕುರ್ಚಿ ಹಾಕಿಸಿಕೊಂಡು ಕೂತಿದ್ದರು. ಕಾಣದ ಗ್ರಹವನ್ನು ಇದೆ ಎನ್ನುವುದು ಹೇಗೆ ಎಂದು ಮೊದಮೊದಲು ಅವರು ನಕ್ಕಿದ್ದುಂಟು. ಮಹಾಮಾಯಾ ವಿವರಿಸಿದ ಮೇಲೆ, ಇದು ತಮಗೆ ಮೊದಲೇ ಗೊತ್ತಿದ್ದ ವಿದ್ಯೆ ಎಂದುಬಿಟ್ಟರು. ಅವರ ಮಗ ನಾಗಸೇನ ಅಡುಗೆಮನೆಯಲ್ಲಿ ಚಿವಡಾ ಡಬ್ಬಿಗೆ ಕೈಹಾಕಿದಾಗಲೆಲ್ಲ ಬಾಗಿಲ ಸಂದಿಯ ಬೆಳಕು ಕಡಿಮೆಯಾಗುತ್ತಿತ್ತು. ಗಿರಿಜಾಬಾಯಿ ಮಲಗಿದಲ್ಲಿಂದಲೇ ಅವನ ಹೆಸರು ಹಿಡಿದು ಕೂಗುತ್ತಿದ್ದರು. ಒಮ್ಮೆಯೂ ತಪ್ಪಿರಲಿಲ್ಲ.

ಪೆಟ್ಟಿಗೆ ಮಾಡಿಕೊಟ್ಟವರು, ಗುಂಡು ಹಾಕಿ ಮುಚ್ಚಿದವರು, ಭಾಲ್ಕಿಯ ಮುನೀರೋದ್ದೀನ. ಲೈಟಿಂಗು, ಶಾಮಿಯಾನ ಅವರ ವ್ಯಾಪಾರ. ಭಾಲ್ಕಿ ಮಹಾಮಾಯಾಳ ತವರು; ಅವಳ ಮದುವೆಯ ಚಪ್ಪರಕ್ಕೆ ದೀಪ ಕಟ್ಟಿದವರೂ ಅವರೇ. ಪೆಟ್ಟಿಗೆ ಮುಚ್ಚಿದ ಮೇಲೆ ಅದು ಗಣೇಶನ ಹಬ್ಬದ ಗದ್ದಲದಲ್ಲಿ ಅವರ ಗೋದಾಮಿನ ಮೂಲೆಯಲ್ಲಿ ಎರಡು ವಾರ ಬಿದ್ದಿತ್ತು. ಅಲ್ಲಿಂದ ಬೆಳಿಗ್ಗೆ ಟೆಂಪೊದಲ್ಲಿ ಶಾಮಿಯಾನದ ಕಂಬಗಳ ಜೊತೆ ನೇರ ಬೀದರಿಗೆ ಬಂದಿತ್ತು. ಪೆಟ್ಟಿಗೆಯ ನೆತ್ತಿಯ ಮೇಲೆ ತಮ್ಮ ಅಂಗಡಿಯ ಹೆಸರನ್ನು ಬಂಗಾರದ ಬಣ್ಣದಲ್ಲಿ ಬರೆಸುವುದನ್ನು ಅವರು ಮರೆತಿರಲಿಲ್ಲ.

ಮಹಾಮಾಯಾ ಗೆರೆ ನೋಡುತ್ತ ಮೂರು, ಮೂರು ಎಂದು ಗೊಣಗುತ್ತಿದ್ದದ್ದು ಅವರ ಕಿವಿಗೆ ಬಿತ್ತು. ಚಹಾದ ಕಪ್ಪು ಹಿಡಿದು ಹತ್ತಿರ ಬಂದರು. ಕಪ್ಪು ಕೊಡುವ ನೆಪದಲ್ಲಿ ಬಗ್ಗಿದರು.

“ಬೇಟಾ, ಮೂರ ಅನಬ್ಯಾಡ. ನಾ ಹಾಕಿದ್ದು ಎರಡೇ. ಖುದಾ ಕಸಮ್.”

“ಕಾಕಾ, ನೀವು ಹೇಳಬಾರದಿತ್ತು.”

“ನಾ ಎಲ್ಲಿ ಹೇಳೀನಿ? ಚಾ ಕೊಟ್ಟೀನಿ ಅಷ್ಟೇ,” ಎಂದು ಮುನೀರೋದ್ದೀನ ಹಿಂದೆ ಸರಿದು ನಿಂತರು.

ಚಹಾ ಆರಿತು. ತೀರ್ಪುಗಾರರು ಎರಡು ಮೇಜು ಆಚೆ ಭಾಲ್ಕಿಯ ಶಿಕ್ಷಕರೊಬ್ಬರ ಸೋಯಾ ಒಣಗಿಸುವ ಯಂತ್ರದ ಮುಂದೆ ನಿಂತಿದ್ದರು. ಮಹಾಮಾಯಾಳಿಗೆ ಈಗ ಉತ್ತರ ಗೊತ್ತಿತ್ತು, ಮತ್ತು ಅದು ಗೆರೆಯ ಉತ್ತರವಾಗಿರಲಿಲ್ಲ.

ಮುನೀರ ಕಾಕಾ ಎಣಿಕೆ ತಪ್ಪುವ ಆಸಾಮಿಯಲ್ಲ. ಮದುವೆ ಮುಗಿದು ಸಾಮಾನು ಟೆಂಪೊಗೆ ಏರುವಾಗ ದೀಪದ ಸರದಲ್ಲಿ ಒಂದು ಬಲ್ಬು ಕಡಿಮೆಯಾದರೂ ಬೀಗರನ್ನು ಹಿಡಿದು ಕೇಳುವವರು. ಗೆರೆಗೂ ಸುಳ್ಳು ಹೇಳುವ ಕಾರಣವಿರಲಿಲ್ಲ. ದೊಡ್ಡ ಗುಂಡಿನದು ಆಳವಾದ ಇಳಿತ, ನಿಧಾನ. ಸಣ್ಣ ಗುಂಡಿನದು ಮೇಲುಮೇಲಿನ ಇಳಿತ, ಬೇಗಬೇಗ. ಇವೆರಡರ ಬಗ್ಗೆ ತಕರಾರಿರಲಿಲ್ಲ. ಮೂರನೆಯದು ಇವೆರಡಕ್ಕಿಂತ ಚಿಕ್ಕದು. ದೊಡ್ಡ ಗುಂಡಿನ ಒಂದು ಇಳಿತಕ್ಕೂ ಮುಂದಿನ ಇಳಿತಕ್ಕೂ ಸರಿಯಾಗಿ ನಡುವೆ ಅದು ಬರುತ್ತಿತ್ತು.

ನುಣುಚಿಕೊಳ್ಳಲು ಒಂದು ದಾರಿ ಇತ್ತು, ಅದು ಮರ್ಯಾದೆಯ ದಾರಿಯೂ ಆಗಿತ್ತು. ನಿಜವಾದ ಗ್ರಹ ತನ್ನ ನಕ್ಷತ್ರದ ಹಿಂದೆ ಮರೆಯಾದಾಗ ಅದರ ಸ್ವಂತ ಬೆಳಕು ನಮಗೆ ತಪ್ಪುತ್ತದೆ. ಆಗಲೂ ಗೆರೆ ತುಸು ತಗ್ಗುತ್ತದೆ, ಹೀಗೆಯೇ ನಡುಮಧ್ಯದಲ್ಲಿ. ಹಾಗೆಂದು ಹೇಳಿ, ಗುಂಡು ಎರಡೇ ಎಂದರೆ ಮುಗಿಯಿತು. ಉತ್ತರವೂ ಸರಿ, ಪಾಂಡಿತ್ಯವೂ ಕಂಡಂತಾಯಿತು. ಆದರೆ ಗುಂಡುಗಳಿಗೆ ಹೊಳಪಿಲ್ಲದ ಕರಿ ಬಣ್ಣ ಹೊಡೆದವಳು ಅವಳೇ. ಕರಿ ಗುಂಡು ಬಲ್ಬಿನ ಹಿಂದೆ ಹೋದರೆ ಕಳೆದುಕೊಳ್ಳಲು ಅದರ ಹತ್ತಿರ ಬೆಳಕೇ ಇರಲಿಲ್ಲ. ಬಣ್ಣ ಅಲ್ಲಲ್ಲಿ ಕಿತ್ತಿದ್ದರೂ ಇಷ್ಟು ಇಳಿತ ಬರುವುದು ಸಾಧ್ಯವಿರಲಿಲ್ಲ. ಏನೋ ಒಂದು ಅಡ್ಡ ಬರುತ್ತಿತ್ತು.

ತೀರ್ಪುಗಾರರು ಬಂದರು. ಒಬ್ಬರು ನಿವೃತ್ತ ಭೌತಶಾಸ್ತ್ರ ಉಪನ್ಯಾಸಕ ದತ್ತಾತ್ರಿ. ಇನ್ನೊಬ್ಬರು ಅದೇ ಪರಿವೀಕ್ಷಕರು. ಈ ಸಲ ಮೇಜಿನಿಂದ ಮಾರು ದೂರದಲ್ಲಿ ನಿಂತು, ಇದರಲ್ಲಿ ನೀರು ಇದೆಯೇ ಎಂದು ಮೊದಲು ಕೇಳಿ ತಿಳಿದುಕೊಂಡರು. ದತ್ತಾತ್ರಿ ಬೋರ್ಡು ಓದಿದರು, ಗೆರೆಯನ್ನು ಎರಡು ಸುತ್ತು ನೋಡಿದರು, ಆಮೇಲೆ ಸಂಖ್ಯೆ ಕೇಳಿದರು.

“ಮೂರು, ಸರ,” ಎಂದಳು ಮಹಾಮಾಯಾ.

ಮುನೀರೋದ್ದೀನ ಛಾವಣಿ ನೋಡತೊಡಗಿದರು. ಪರಿವೀಕ್ಷಕರು ಅವರ ಕಡೆ ತಿರುಗಿ ಎಷ್ಟು ಹಾಕಿದ್ದೀರಿ ಎಂದರು. ಎರಡು ಎಂಬ ಉತ್ತರ ಛಾವಣಿಯ ಕಡೆಯಿಂದಲೇ ಬಂತು. ಪರಿವೀಕ್ಷಕರ ಪೆನ್ನು ಅಂಕಪಟ್ಟಿಯ ಮೇಲೆ ಇಳಿಯಿತು. ದತ್ತಾತ್ರಿ ಅವರ ಕೈ ತಡೆದು, ಉತ್ತರವನ್ನು ಯಾರಾದರೂ ಮೊದಲೇ ಹೇಳಿದ್ದರೇ ಎಂದು ಮಹಾಮಾಯಾಳನ್ನು ಕೇಳಿದರು. ಇಂಥ ಪರೀಕ್ಷೆಯಲ್ಲೆಲ್ಲ ಅವರು ತಪ್ಪದೆ ಕೇಳುತ್ತಿದ್ದ ಪ್ರಶ್ನೆ ಅದು.

“ಹೇಳ್ಯಾರ್ರಿ ಸರ. ಎರಡು ಅಂತ ಹೇಳ್ಯಾರ.”

ಸುತ್ತ ನಿಂತವರು ನಕ್ಕರು. ಮುನೀರೋದ್ದೀನರ ಕುತ್ತಿಗೆ ಇನ್ನಷ್ಟು ಮೇಲಕ್ಕೆ ಹೋಯಿತು.

“ಉತ್ತರ ಗೊತ್ತಿದ್ದೂ ಮೂರು ಅಂತೀರೇನ್ರಿ?” ದತ್ತಾತ್ರಿಗೆ ನಿಜಕ್ಕೂ ಆಶ್ಚರ್ಯವಾಗಿತ್ತು.

“ಗೆರಿ ಓದಿ ಹೇಳ್ತೇನಿ ಅಂತ ಬರದು ಇಟ್ಟೀನ್ರಿ. ಗೆರಿ ಮೂರ ಅಂತದ.”

ಬರೆಯುವ ಮೊದಲು ಪೆಟ್ಟಿಗೆ ತೆರೆಯಿರಿ ಎಂದು ಅವಳು ಕೇಳಿಕೊಂಡಳು. ಮುನೀರೋದ್ದೀನ ಮೋಟಾರು ನಿಲ್ಲಿಸಿ ತಿರುಪು ಬಿಚ್ಚಿದರು. ಮುಚ್ಚಳ ಎದ್ದಿತು. ಒಳಗೆ ಒಂದು ದೊಡ್ಡ ಕರಿ ಗುಂಡು, ಒಂದು ಸಣ್ಣ ಕರಿ ಗುಂಡು. ಪರಿವೀಕ್ಷಕರು ದೂರದಿಂದಲೇ ಇಣುಕಿ, ಎರಡೇ ಇವೆ ಎಂದು ಘೋಷಿಸಿದರು. ಸಂಜುಕುಮಾರ ಸರ್ ಅವರ ಥರ್ಮಾಕೋಲು ಮಹಾಮಾಯಾಳ ಕಣ್ಣ ಮುಂದೆ ಬಂತು.

ಗಿರಿಜಾಬಾಯಿ ಕುರ್ಚಿಯಿಂದ ಎದ್ದು, ಕನ್ನಡಕ ಸರಿಮಾಡಿಕೊಂಡು, ಪೆಟ್ಟಿಗೆಯೊಳಗೆ ತಲೆ ಹಾಕಿದರು.

“ಆ ತುದಿಗೆ ಕುಂತಿದ್ದು ಏನದು? ಗಡಗಿ ಅಲ್ಲೇನು?”

ದೊಡ್ಡ ಗುಂಡಿನ ತಂತಿ ತಕ್ಕಡಿಯ ದಂಡದ ಹಾಗೆ ಎರಡೂ ಕಡೆ ಚಾಚಿತ್ತು. ಒಂದು ತುದಿಗೆ ಗುಂಡು. ಇನ್ನೊಂದು ತುದಿಯನ್ನು ತೂಕ ಸರಿಹೋಗಲೆಂದು ಬರಿದಾಗಿ ಮೇಲಕ್ಕೆ ಬಗ್ಗಿಸಿ ಬಿಟ್ಟಿದ್ದರು. ಆ ಬರಿ ತುದಿ ಈಗ ಬರಿದಾಗಿರಲಿಲ್ಲ. ಅಲ್ಲಿ ಸಣ್ಣ ಬೋರೆಹಣ್ಣಿನಷ್ಟು ಮಣ್ಣಿನ ಗಡಿಗೆ ಕೂತಿತ್ತು. ದುಂಡಗೆ, ನುಣ್ಣಗೆ, ಬಾಯಿಗೆ ಮಣ್ಣು ಮೆತ್ತಿ ಮುಚ್ಚಿತ್ತು. ಕುಂಬಾರ ಹುಳ ಕಟ್ಟಿದ ಮನೆ. ಗೋದಾಮಿನಲ್ಲಿ ಬಿದ್ದಿದ್ದ ಎರಡು ವಾರದಲ್ಲಿ ಅದು ಮೊಬೈಲಿನ ತೂತಿನಿಂದ ಒಳಗೆ ಹೋಗಿ, ಉಂಡೆ ಉಂಡೆ ಹಸಿಮಣ್ಣು ಹೊತ್ತು, ಒಳಗೆ ಮೊಟ್ಟೆಯಿಟ್ಟು, ಕೆಲಸ ಮುಗಿಸಿ ಹೋಗಿತ್ತು.

ಮುನೀರೋದ್ದೀನರ ಕುತ್ತಿಗೆ ಕೆಳಗಿಳಿಯಿತು. “ನನ್ನ ಲೆಕ್ಕ ತಪ್ಪಿಲ್ರೀ ಸರ. ಇದು ಕಿರಾಯಿದಾರ, ಬಾಡಿಗಿ ಇರ್ಲಾಕ ಬಂದದ. ನಮ್ಮ ಗೋದಾಮಿನ್ಯಾಗ ಪೈಪಿನ ತೂತು, ಪ್ಲಗ್ಗಿನ ತೂತು, ಒಂದೂ ಬಿಡಲ್ಲ ಇವು.”

ಹುಳದ ಮನೆ ಗ್ರಹ ಹೇಗಾದೀತು ಎಂದು ಪರಿವೀಕ್ಷಕರು ಆಕ್ಷೇಪ ಎತ್ತಿದರು. ಬೆಳಕಿಗೆ ಅಡ್ಡ ಬರುವುದು ಎಷ್ಟು ಎಂಬುದಷ್ಟೇ ಪ್ರಶ್ನೆ, ಯಾರು ಮಾಡಿದ್ದು ಎಂಬುದಲ್ಲ ಎಂದರು ದತ್ತಾತ್ರಿ. ಹಾಗಾದರೆ ಇದು ಜೀವ ಇರುವ ಗ್ರಹ ಎಂದು ಗುಂಪಿನಲ್ಲಿ ಯಾರೋ ಅಂದರು. ಇನ್ನೊಬ್ಬರು ಗಡಿಗೆ ಒಡೆದು ನೋಡೋಣ ಎಂದರು. ಗಿರಿಜಾಬಾಯಿ ಆ ಇನ್ನೊಬ್ಬರನ್ನು ದಿಟ್ಟಿಸಿ ನೋಡಿದ ಮೇಲೆ ಆ ಮಾತು ಮತ್ತೆ ಬರಲಿಲ್ಲ.

ಒಳಗೆ ಜೀವ ಇದೆಯೋ ಇಲ್ಲವೋ ನಿಮ್ಮ ಗೆರೆ ಹೇಳುತ್ತದೆಯೇ ಎಂದು ದತ್ತಾತ್ರಿ ಕೇಳಿದರು.

“ಇಲ್ರಿ ಸರ. ಎಷ್ಟು ದೊಡ್ಡದದ, ಎಷ್ಟೊತ್ತಿಗೆ ಒಮ್ಮಿ ಸುತ್ತತದ, ಅಷ್ಟ ಹೇಳ್ಲಾಕ ಬರ್ತದ. ಒಳಗ ಯಾರ ಅದಾರ ಅಂತ ಈ ಗೆರಿಗಿ ಗೊತ್ತಾಗಲ್ಲ.”

ದತ್ತಾತ್ರಿ ತಲೆಯಾಡಿಸಿ ಬರೆದುಕೊಂಡರು. ಪರಿವೀಕ್ಷಕರು ಹೊರಡುವಾಗ ಒಂದು ಹೆಜ್ಜೆ ಹತ್ತಿರ ಬಂದು ಗಡಿಗೆಯನ್ನು ನೋಡಿ ಹೋದರು.

ಸಂಜೆ ಫಲಿತಾಂಶ ಗೋಡೆಗೆ ಹಚ್ಚಿದರು. ಸೋಯಾ ಯಂತ್ರಕ್ಕೆ ಮೊದಲ ಸ್ಥಾನ, ಕರಿ ಪೆಟ್ಟಿಗೆಗೆ ಎರಡನೆಯದು. ರಾಜ್ಯಮಟ್ಟಕ್ಕೆ ಎರಡೂ ಆಯ್ಕೆಯಾಗಿದ್ದವು. ಸಂಜುಕುಮಾರರು ಫೋನಿನಲ್ಲಿ ಅಭಿನಂದನೆ ಹೇಳಿದರು, ಥರ್ಮಾಕೋಲಿನ ಮಾತು ಎತ್ತಲಿಲ್ಲ. ಪೆಟ್ಟಿಗೆಯನ್ನು ಔರಾದಿಗೆ ಸಾಗಿಸುವಾಗ ಗಿರಿಜಾಬಾಯಿ ಟೆಂಪೊದ ಮುಂದಿನ ಸೀಟಿನಲ್ಲಿ ಕೂತರು. ದಾರಿಯುದ್ದಕ್ಕೂ ಗುಂಡಿ ಬಂದಾಗಲೆಲ್ಲ ಮುನೀರೋದ್ದೀನರನ್ನು ಬೈದರು. ಒಳಗೆ ಬಸುರಿಯನ್ನು ಕೂಡಿಸಿಕೊಂಡು ಹೋಗುತ್ತಿದ್ದೇವೆ ಎಂಬಂತೆ ಅವರ ಧಾಟಿ ಇತ್ತು. ಶಾಲೆಯ ಪ್ರಯೋಗಾಲಯದಲ್ಲಿ ಪೆಟ್ಟಿಗೆಯ ಮುಚ್ಚಳ ತೆಗೆದು, ಕಿಟಕಿಯ ಒಂದು ಬಾಗಿಲು ತೆರೆದು ಇಟ್ಟರು.

ದಸರಾ ರಜೆ ಮುಗಿದು ಶಾಲೆ ತೆರೆದ ದಿನ ಗಡಿಗೆಯ ಮೈಗೆ ದುಂಡನೆಯ ತೂತು ಬಿದ್ದಿತ್ತು. ಒಳಗೆ ಏನೂ ಇರಲಿಲ್ಲ. ಮಹಾಮಾಯಾ ಮುಚ್ಚಳ ಹಾಕಿ, ಬಲ್ಬು ಹಚ್ಚಿ, ಮೋಟಾರು ತಿರುಗಿಸಿ ನೋಡಿದಳು. ಮೂರನೇ ಇಳಿತ ಮೊದಲು ಎಷ್ಟಿತ್ತೋ ಅಷ್ಟೇ ಇತ್ತು.