ಯಾವ ಬುಡು?

ಗಂಡ ಸತ್ತು ಆರು ತಿಂಗಳಾದರೂ ಚಿಕ್ಕಲಕ್ಷ್ಮಮ್ಮ ಒಂದು ತೊಟ್ಟು ಕಣ್ಣೀರು ಹಾಕಿರಲಿಲ್ಲ. ಕುದೂರಿನಂಥ ಊರಲ್ಲಿ ಇದೇನು ಸಣ್ಣ ಸುದ್ದಿಯೇ? ತಿಥಿಗೆ ಬಂದ ಹೆಂಗಸರು ಸೆರಗನ್ನು ಬಾಯಿಗೊತ್ತಿಕೊಂಡು ಇವಳ ಮುಖವನ್ನೇ ನೋಡುತ್ತಿದ್ದರೆ, ಇವಳು ಪಂಕ್ತಿಯ ಕೊನೆಯ ಎಲೆಗೆ ಉಪ್ಪು ಬಿದ್ದಿದೆಯೋ ಇಲ್ಲವೋ ಅಂತ ಬಗ್ಗಿ ನೋಡುತ್ತಿದ್ದಳು. 'ಕಲ್ಲು ಕಣವ್ವ ಆಯಮ್ಮ' ಅಂತ ಯಾರೋ ಅಂದದ್ದು ಕಿವಿಗೂ ಬಿತ್ತು. ಸಿಟ್ಟು ಬರಬೇಕಿತ್ತು, ಬರಲಿಲ್ಲ. ಹಲ್ಲು ಕೀಳುವ ಮುಂಚೆ ಸೂಜಿ ಚುಚ್ಚಿಸಿಕೊಂಡ ದವಡೆ ಇರುತ್ತದಲ್ಲ, ಹಾಗಿತ್ತು ಅವಳ ಇಡೀ ಮೈ. ಊಟ ಮಾಡುತ್ತಿದ್ದಳು, ರುಚಿ ಗೊತ್ತಾಗುತ್ತಿರಲಿಲ್ಲ. ಮಲಗಿದರೆ ನಿದ್ದೆಯೂ ಬರುತ್ತಿತ್ತು, ಅದೇ ಅವಳಿಗೆ ಆಶ್ಚರ್ಯ.

ಅಳುವುದಕ್ಕೆ ಮುಂಚೆ ಅವಳಿಗೆ ಒಂದು ವಿಷಯ ತಿಳಿಯಬೇಕಿತ್ತು. ಆಸ್ಪತ್ರೆಯಲ್ಲಿ ಆವತ್ತು ತಾನು 'ಬುಡು' ಅಂದೆನಲ್ಲ, ಅದು ಯಾವ ಬುಡು?

ನಮ್ಮ ಕಡೆ ಈ ಬುಡು ಅನ್ನುವುದು ಒಂದೇ ಮಾತಲ್ಲ ನೋಡಿ. ತೋಟಕ್ಕೆ ನೀರು ಬುಡು ಅಂದರೆ ಹರಿಸು. ಗಾಡಿ ಬುಡು ಅಂದರೆ ಓಡಿಸು. ಕೈ ಬುಡು ಅಂದರೆ ಹಿಡಿದದ್ದನ್ನು ಸಡಿಲಿಸು. ಅತ್ಲಾಗೆ ಬುಡು ಅಂದರೆ ಹಾಳಾಗಿ ಹೋಗಲಿ ಅಂತ ಮರೆ. ಪರವೂರಿನಿಂದ ಬಂದವರು ತಲೆ ಕೆರೆದುಕೊಂಡಾರು, ನಮಗೇನೂ ತೊಡಕಿಲ್ಲ. ಹೇಳಿದವರ ಮುಖ ನೋಡಿದರೆ ಯಾವುದು ಅಂತ ತಿಳಿದುಹೋಗುತ್ತದೆ. ಮುಖದಲ್ಲಿ ಏನೂ ಇಲ್ಲದೆ ಹೋದರೆ ಮಾತ್ರ ಕಷ್ಟ.

ಆವತ್ತು ಅವಳ ಮುಖದಲ್ಲಿ ಏನೂ ಇರಲಿಲ್ಲ. ಶ್ರಾವಣದ ಮಧ್ಯಾಹ್ನ, ಬೆಂಗಳೂರಿನ ಒಂದು ಆಸ್ಪತ್ರೆ. ಗಂಡ ಬೈರಪ್ಪನ ಬಾಯಿಗೆ ಕೊಳವೆ ಹಾಕಿದ್ದರು, ಉಸಿರಾಡುತ್ತಿದ್ದದ್ದು ಮಿಷನ್ನು. 'ಇದನ್ನ ಇಟ್ಟರೆ ಇನ್ನೆರಡು ಮೂರು ದಿನ ಎಳೆಯಬಹುದು, ಅಷ್ಟೆ. ಇಡೋಣವೋ ತೆಗೆಯೋಣವೋ, ಮನೆಯವರು ಹೇಳಿ' ಅಂದು ಡಾಕ್ಟರು ಬಾಗಿಲ ಹತ್ತಿರ ನಿಂತರು. ಮನೆಯವರು ಅಂದರೆ ಇವಳು ಮತ್ತು ಮನು. ಮನು ಬೈರಪ್ಪನ ತಮ್ಮನ ಮಗ. ಮಕ್ಕಳಿಲ್ಲದ ಇವರ ಮನೆಯಲ್ಲೇ ಕೂಸಿನಿಂದ ಬೆಳೆದವನು, ಈಗ ಮಾಗಡಿಯಲ್ಲಿ ಟೈಲ್ಸ್ ಅಂಗಡಿ ಇಟ್ಟಿದ್ದಾನೆ. 'ಏನ್ಮಾಡದು ದೊಡ್ಡವ್ವ?' ಅಂತ ಕೇಳಿದ. ಮಂಚದ ಎಡಗಡೆ ಸ್ಟೂಲಿನ ಮೇಲೆ ಕೂತು, ಮಂಚದ ಕಂಬಿ ಹಿಡಿದು, ಮಿಷನ್ನಿನ ಅಂಕಿಗಳನ್ನೇ ನೋಡುತ್ತಿದ್ದ ಚಿಕ್ಕಲಕ್ಷ್ಮಮ್ಮ, 'ಬುಡು' ಅಂದಳು.

ಅಷ್ಟೇ ಅಂದದ್ದು. ಮನು ಗೋಡೆಗೆ ಮುಖವಿಟ್ಟು ಬಿಕ್ಕಿದ. ಆಮೇಲೆ ಕಣ್ಣೊರೆಸಿಕೊಂಡು ಹೋಗಿ, 'ಸಾಕು ಸಾರ್, ತೆಗ್ದುಬುಡಿ ಅಂತಾವ್ರೆ' ಅಂದ. ಅವಳು ತಡೆಯಲಿಲ್ಲ. ತಾನು ಅಂದದ್ದು ಅದೇ ಇರಬೇಕು ಅಂದುಕೊಂಡಳು. ಸಂಜೆಗೆಲ್ಲ ಮುಗಿಯಿತು. ಹೆಣದ ಜೊತೆ ಊರಿಗೆ ಬರುವಾಗ, ನೆಲಮಂಗಲ ದಾಟಿದ ಮೇಲೆ, ಅನುಮಾನ ಒಳಗೆ ಹೊಕ್ಕಿತು. ಸಾಕು ಬುಡು ಅಂದೆನೋ? ಮಿಷನ್ ಬುಡು, ನಡೀಲಿ ಅಂದೆನೋ? ಎಷ್ಟು ಕೆದಕಿದರೂ ಆ ಗಳಿಗೆಯ ಒಳಗೆ ಏನೂ ಸಿಗಲಿಲ್ಲ. ಇದನ್ನು ಯಾರ ಹತ್ತಿರ ಕೇಳುವುದು? ಮನುವನ್ನು ಕೇಳಿದರೆ ಆ ಹುಡುಗ ಉಳಿದಾನೆಯೇ?

ಸಂಕ್ರಾಂತಿ ಕಳೆದ ಮೇಲೆ ರಾಮನಗರದಿಂದ ಶಾಹಬಾಜ್ ಬಂದ. ಬೈರಪ್ಪನ ಹಳೆಯ ಗೆಣೆಕಾರ, ಅದಕ್ಕಿಂತ ಹಳೆಯ ಎದುರಾಳಿ. ಜಗಲಿಯ ಮೇಲೆ ಕೂತು ಮಂಡಿ ನೀವಿಕೊಳ್ಳುತ್ತ, 'ಅಕ್ಕ, ಬರೋ ಭಾನ್ವಾರ ನಮ್ಮ ಶೋರೂಂ ರೇಸ್ನೋರೆಲ್ಲ ಕುದೂರಲ್ಲಿ ಸೇರ್ತಾ ಇದೀವಿ' ಅಂದ. 'ರೇಸಲ್ಲ ಬುಡಿ. ಈ ವಯಸ್ಸಲ್ಲಿ ಯಾವ ರೇಸು, ಸೊಂಟ ಹಿಡ್ಕಂಡ್ರೆ ಎತ್ತೋರ್ಯಾರು? ಆ ಹಳೇ ದಾರೀಲಿ ಸುಮ್ನೆ ಒಂದು ರೌಂಡು. ಬೈರನ ಮಾರುತಿ ಬರ್ದಿದ್ರೆ ಅದೇನ್ ಚೆಂದ? ಮನು ಓಡಿಸ್ಲಿ. ನೀವು ನಿಮ್ಮ ಜಾಗ್ದಲ್ಲಿ ಕುಂತ್ಕಳಿ.'

ಶೋರೂಂ ರೇಸು ಅಂದರೆ ಈಗಿನ ಹುಡುಗರಿಗೆ ನಗು ಬರುತ್ತದೆ. ಬರಲಿ. ಆಗ ಈ ಸೀಮೆಯಲ್ಲಿ ಯಾರ ಹತ್ತಿರ ರೇಸಿನ ಕಾರಿತ್ತು? ಇದ್ದದ್ದು ಮಾರುತಿ, ಫಿಯಟ್ಟು, ಒಂದೆರಡು ಅಂಬಾಸಿಡರ್. ವಾರವೆಲ್ಲ ರೇಷ್ಮೆಗೂಡಿನ ಚೀಲ ತುಂಬಿಕೊಂಡು ರಾಮನಗರದ ಮಾರ್ಕೆಟ್ಟಿಗೆ ಹೋಗುವ ಕಾರು, ಭಾನುವಾರ ಬೆಳಿಗ್ಗೆ ಮೈ ತೊಳೆದುಕೊಂಡು ರೇಸಿಗೆ ನಿಲ್ಲುತ್ತಿತ್ತು. ನಿಯಮ ಒಂದೇ: ಗಾಡಿ ಶೋರೂಮಿನಿಂದ ಹೇಗೆ ಬಂತೋ ಹಾಗೇ ಇರಬೇಕು. ವೈಪರ್ ಆಡಬೇಕು, ಹಾರನ್ ಕೂಗಬೇಕು, ಸಿಗರೇಟಿನ ಬೂದಿ ಹಾಕುವ ಡಬ್ಬಿ ಸಹ ಜಾಗದಲ್ಲಿರಬೇಕು. ಭಾರ ಕಡಿಮೆಯಾಗಲಿ ಅಂತ ಶಾಹಬಾಜ್ ಒಂದು ವರ್ಷ ತನ್ನ ಫಿಯಟ್ಟಿನ ಹಿಂದಿನ ಸೀಟನ್ನು ಬಿಚ್ಚಿ ಮಾವನ ಮನೆಯಲ್ಲಿ ಬಚ್ಚಿಟ್ಟು ಬಂದು ಸಿಕ್ಕಿಬಿದ್ದ. ಅವತ್ತಿನಿಂದ ಅವನು ಸೀಟ್ ಶಾಹಬಾಜ್.

ಕುದೂರಿನಿಂದ ಗುಡೇಮಾರನಹಳ್ಳಿ ಕಡೆಗೆ, ಮಣ್ಣಿನ ದಾರಿ. ಎಡಗಡೆ ಕೂತವರು ಮುಂದಿನ ದಾರಿಯನ್ನು ಕೂಗಿ ಹೇಳಬೇಕು. ಬೈರಪ್ಪನ ಪಕ್ಕದಲ್ಲಿ ಕೂರಲು ಊರಲ್ಲಿ ಒಬ್ಬ ಗಂಡಸೂ ಒಪ್ಪಲಿಲ್ಲ, ಅವನು ಓಡಿಸುತ್ತಿದ್ದ ವೈಖರಿ ಹಾಗಿತ್ತು. ಹೆಂಡತಿಗೆ ಒಪ್ಪದೆ ಗತಿಯಿರಲಿಲ್ಲ. ಆದರೆ ಕೂತ ಮೇಲೆ ಗೊತ್ತಾಯಿತು, ಇವಳಿಗೆ ದಾರಿಯ ಒಂದೊಂದು ಗುಂಡಿಯೂ ಬಾಯಿಪಾಠ.

ತೊಂದರೆಯಾದದ್ದು ಮರ್ಯಾದೆಯಿಂದ. ಮನೆಯಲ್ಲಿ ಗಂಡನಿಗೆ ಬನ್ನಿ, ಹೋಗಿ, ಉಣ್ಣಿ ಅನ್ನುವ ಹೆಂಗಸು. ಮೊದಲ ರೇಸಿನಲ್ಲಿ 'ಅರಳೀಮರ ಬತ್ತಾ ಐತೆ, ಒಸಿ ಎಡಕ್ಕೆ ತಿರುಗಿಸ್ಕಳಿ' ಅಂತ ಪೂರ್ತಿ ಮರ್ಯಾದೆಯಿಂದ ಹೇಳಿ ಮುಗಿಸುವಷ್ಟರಲ್ಲಿ ಅರಳೀಮರ ಹಿಂದಕ್ಕೆ ಹೋಗಿತ್ತು. ಬೈರಪ್ಪ ಬ್ರೇಕ್ ಒತ್ತಿ, 'ಲೇ ಚಿಕ್ಕಿ, ಮರ್ವಾದೆನ ಮನೇಲಿಟ್ಟು ಬಾ. ಗಾಡಿ ಒಳ್ಗೆ ನಾನು ನಿನ್ ಗಂಡ ಅಲ್ಲ' ಅಂದ. ಅಲ್ಲಿಂದ ಮುಂದೆ ಬಾಗಿಲು ಹಾಕಿದ ಕೂಡಲೇ ಏಕವಚನ. ಎಡ. ಬಲ. ಗುಂಡಿ. ಬುಡು. ಅವನು ಪ್ರತಿಯೊಂದಕ್ಕೂ 'ಹ್ಞೂಂ' ಅನ್ನುತ್ತಿದ್ದ. ಬಾಗಿಲು ತೆಗೆದು ಇಳಿದರೆ ಮತ್ತೆ ಬನ್ನಿ, ಹೋಗಿ. ಆ ಏಕವಚನದಲ್ಲಿ ಎಂಥ ಸುಖವಿತ್ತು ಅಂತ ಅವಳು ಯಾರಿಗೂ ಹೇಳಿರಲಿಲ್ಲ.

ಮೂರನೆಯ ವರ್ಷ ಗುಡೇಮಾರನಹಳ್ಳಿ ಕೆರೆ ಏರಿಯ ತಿರುವಿನಲ್ಲಿ ಎಮ್ಮೆ ಅಡ್ಡ ಬಂತು. 'ಬುಡು!' ಅಂತ ಕಿರುಚಿದಳು, ಕಾಲು ತೆಗಿ ಅಂತ. ಅವನು ಗಾಡಿ ಬುಡು ಅಂತ ತಿಳಿದು ಇನ್ನೂ ಒತ್ತಿದ. ಎಮ್ಮೆ ಬದುಕಿತು. ಕಾರು ಏರಿಯಿಂದ ಇಳಿದು ಯಾರದೋ ಹಿಪ್ಪುನೇರಳೆ ತೋಟದ ನಡುವೆ ಹೋಗಿ ನಿಂತಿತು. ಬಾನೆಟ್ಟಿನ ಮೇಲೆ ಒಂದು ಹೊರೆ ಸೊಪ್ಪು. ಮೇಲೆ ಶಾಹಬಾಜನ ಫಿಯಟ್ಟು ಹಾರನ್ ಬಾರಿಸಿಕೊಂಡು ಹೋಯಿತು. ಬೈರಪ್ಪ ಬಯ್ಯುತ್ತಾನೆ ಅಂತ ಇವಳು ಉಸಿರು ಬಿಗಿಹಿಡಿದು ಕೂತಿದ್ದರೆ, ಅವನು ಸ್ಟಿಯರಿಂಗ್ ಮೇಲೆ ತಲೆಯಿಟ್ಟು ನಗುತ್ತಿದ್ದ. 'ಕಾಲ್ ತಗೀಬೇಕಾದ್ರೆ ಇನ್ಮೇಲೆ ಎತ್ತು ಅನ್ನು. ಬುಡು ಅಂದ್ರೆ ನಾನು ಬುಡೋನೇ, ಎಮ್ಮೆ ಅಲ್ಲ ಯಮ ಅಡ್ಡ ಬಂದ್ರೂ ಬುಡೋನೇ.' ಅಲ್ಲಿಂದ ರೇಸಿನವರಿಗೆಲ್ಲ ಅವನು ಬುಡು ಬೈರಪ್ಪ. ಆಮೇಲೆ ಎರಡು ಸಲ ಗೆದ್ದರು. ಬಹುಮಾನದ ಒಂದು ಕಪ್ಪಿನಲ್ಲಿ ಈಗಲೂ ಸಾಸಿವೆ ಇದೆ. ದಾರಿಗೆ ಟಾರು ಬಂತು, ಬಸ್ಸು ಹೆಚ್ಚಾದವು, ರೇಸು ನಿಂತಿತು.

'ಬತ್ತೀನಿ ಸಾಬ್ರೆ' ಅಂದಳು ಚಿಕ್ಕಲಕ್ಷ್ಮಮ್ಮ. ಶಾಹಬಾಜನಿಗೇ ಅಚ್ಚರಿಯಾಯಿತು. ಅವಳ ಲೆಕ್ಕಾಚಾರ ಬೇರೆ ಇತ್ತು. ಆ ಸೀಟಿನಲ್ಲಿ ಕೂತರೆ ತಲೆಗಲ್ಲದಿದ್ದರೆ ನಾಲಿಗೆಗಾದರೂ ನೆನಪಾದೀತು, ಆವತ್ತು ಅಂದದ್ದು ಯಾವುದು ಅಂತ.

ಭಾನುವಾರ ಬೆಳಿಗ್ಗೆ ಬಸ್‌ಸ್ಟಾಂಡಿನ ಪಕ್ಕದ ಮೈದಾನದಲ್ಲಿ ಕಾರುಗಳು ಸೇರಿದವು. ಕನಕಪುರದವರು ಬಂದರು, ಚನ್ನಪಟ್ಟಣದವರು ಬಂದರು. ಎಲ್ಲರಿಗೂ ಹೊಟ್ಟೆ ಬಂದಿತ್ತು, ಕೂದಲು ಹೋಗಿತ್ತು. ಒಬ್ಬರನ್ನೊಬ್ಬರು 'ಏನ್ಲಾ ಮುದುಕ' ಅಂತ ತಬ್ಬಿಕೊಂಡು, ಇವಳನ್ನು ಕಂಡ ಕೂಡಲೇ ದನಿ ತಗ್ಗಿಸುತ್ತಿದ್ದರು. 'ಬುಡು ಬೈರಪ್ಪ ಇರ್ಬೇಕಿತ್ತು' ಅಂತ ಒಬ್ಬ ಅಂದು ಕಣ್ಣೊರೆಸಿಕೊಂಡ. ಅವಳಿಗೆ ಅದನ್ನು ನೋಡಿ ಏನೂ ಅನ್ನಿಸಲಿಲ್ಲ. ಬಿಸಿಲು ಇತ್ತು, ಕಾಫಿ ಇತ್ತು, ಇಡ್ಲಿ ಇತ್ತು. ಶಾಹಬಾಜ್ ಒಂದೊಂದು ಗಾಡಿಯ ಒಳಗೂ ತಲೆ ಹಾಕಿ, 'ಬೂದಿ ಡಬ್ಬಿ ಐತಾ?' ಅಂತ ವಿಚಾರಿಸಿದ. 'ನಿಮ್ಮ ಹಿಂದಿನ್ ಸೀಟೈತಾ, ಅದ್ನೋಡ್ಕಳಿ' ಅಂತ ಯಾರೋ ಕೂಗಿದರು. ಎಲ್ಲರೂ ನಕ್ಕರು.

'ಕನ್ನಡಿ ಸರಿ ಮಾಡ್ಕಳಪ್ಪ' ಅಂದಳು ಚಿಕ್ಕಲಕ್ಷ್ಮಮ್ಮ, ಎಡಗಡೆ ಕೂತು ಬಾಗಿಲು ಹಾಕಿಕೊಂಡು. ರೇಷ್ಮೆಗೂಡಿನ ಕಮಟು ವಾಸನೆ ಸೀಟಿನಲ್ಲಿ ಇನ್ನೂ ಇತ್ತು. ಗೇರ್ ಇಲ್ಲದ ಹೊಸ ಕಾರು ಓಡಿಸಿ ರೂಢಿಯಾದ ಮನು ಎರಡು ಸಲ ಇಂಜಿನ್ ಆಫ್ ಮಾಡಿಸಿ, ನಾಚಿಕೊಂಡು, ಹೇಗೋ ಹೊರಡಿಸಿದ. ಅವಳ ಕೈ ತಾನಾಗಿಯೇ ಬಾಗಿಲ ಹಿಡಿಯನ್ನು ಹಿಡಿಯಿತು.

'ಅರಳೀಮರ, ಎಡಕ್ಕಪ್ಪ.'

'ಎಲ್ಲೈತೆ ದೊಡ್ಡವ್ವ ಅರಳೀಮರ?'

ಇರಲಿಲ್ಲ. ಅಲ್ಲೊಂದು ಪೆಟ್ರೋಲ್ ಬಂಕ್ ಇತ್ತು. 'ಇದ್ದ ಜಾಗ್ದಲ್ಲೇ ತಿರುಗ್ಸಪ್ಪ' ಅಂದಳು. ಮನು 'ಸರಿ' ಅಂದ. ಹ್ಞೂಂ ಅನ್ನಲಿಲ್ಲ, ಅವನಿಗೇನು ಗೊತ್ತು?

ಕೆರೆ ಏರಿ ಬಂತು. ಅದೇ ತಿರುವು. ಎಮ್ಮೆ ಇರಲಿಲ್ಲ, ಸ್ಕೂಟರಿನವನೊಬ್ಬ ಮೆಲ್ಲಗೆ ಹೋಗುತ್ತಿದ್ದ.

'ಎತ್ತಪ್ಪ.'

'ಏನೆತ್ಲಿ?'

'ಕಾಲೆತ್ತಪ್ಪ, ಕಾಲು!'

ಮನು ನಿಧಾನ ಮಾಡಿದ. ತಿರುವು ಮುಗಿಯಿತು. ಮುಂದೆ ಏರಿಯ ಉದ್ದಕ್ಕೂ ನೆಟ್ಟಗೆ, ಖಾಲಿ ದಾರಿ. ಇಲ್ಲೇ ಬೈರಪ್ಪ ಅವಳ ಬಾಯಿಗೆ ಕಾಯುತ್ತಿದ್ದದ್ದು.

'ಬುಡಪ್ಪ!' ಅಂದಳು.

ಮನು ಎರಡೂ ಕಾಲು ತೆಗೆದುಬಿಟ್ಟ. ಕಾರು ಕೆಮ್ಮಿ, ಜಗ್ಗಿ, ಏರಿಯ ನಡುಮಧ್ಯೆ ನಿಂತುಹೋಯಿತು. ಹಿಂದೆ ಶಾಹಬಾಜನ ಹಾರನ್.

'ಯಾಕಪ್ಪ ನಿಲ್ಲಿಸ್ದೆ?'

'ನೀನೇ ಬುಡು ಅಂದ್ಯಲ್ಲ ದೊಡ್ಡವ್ವ. ಎತ್ತು ಅಂದೋಳು ಆಮೇಕೆ ಬುಡು ಅಂದ್ರೆ, ಪೂರ್ತಿ ಬುಟ್ಬುಡು ಅಂತ ತಾನೆ?'

'ಬುಡು ಅಂದ್ನಾ? ಬುಡಪ್ಪ ಅಂದೆ ಕಣಪ್ಪ...' ಅಂದವಳು ಅಲ್ಲಿಗೇ ನಿಂತಳು.

ಬುಡಪ್ಪ. ಕೂಸಾಗಿದ್ದಾಗ ಎತ್ತಿಕೊಂಡ ದಿನದಿಂದ ಇವನಿಗೆ ಬಾರಪ್ಪ, ಉಣ್ಣಪ್ಪ, ಮಲಗಪ್ಪ. ಅಪ್ಪ ಸೇರಿಸದೆ ಒಂದು ಮಾತಾಡಿದವಳಲ್ಲ. ಡಾಕ್ಟರಿಗಾಗಿದ್ದರೆ ಬುಡಿ ಸಾ ಅನ್ನುತ್ತಿದ್ದಳು. ಬರೀ ಬುಡು ಅನ್ನುವುದನ್ನು ಅವಳು ಜನ್ಮದಲ್ಲಿ ಒಬ್ಬನಿಗೆ ಮಾತ್ರ ಅಂದಿದ್ದಳು, ಅದೂ ಈ ಸೀಟಿನಲ್ಲಿ ಕೂತಾಗ. ಆಸ್ಪತ್ರೆಯಲ್ಲೂ ಅವನ ಎಡಗಡೆಗೇ ಕೂತಿದ್ದಳು, ಕಂಬಿ ಹಿಡಿದಿದ್ದಳು, ಕಣ್ಣು ಅಂಕಿಗಳ ಮೇಲಿತ್ತು. ಮನು ಕೇಳಿದ್ದಕ್ಕೆ ಅವಳು ಉತ್ತರವನ್ನೇ ಕೊಟ್ಟಿರಲಿಲ್ಲ. ಗಂಡನಿಗೆ ದಾರಿ ಹೇಳಿದ್ದಳು. ಎರಡು ದಿನವೋ ಮೂರು ದಿನವೋ, ದಾರಿ ಇರುವಷ್ಟು ಓಡು ಅಂದಿದ್ದಳು.

ದವಡೆ ಮರಗಟ್ಟಿದ್ದು ಬಿಡುವಾಗ ಮೊದಲು ನೋವೇ ಬರುವುದು. ಎದೆಯ ನಡುವೆ ಅದು ಬಂತು.

ಮನು ಕೀ ತಿರುಗಿಸಲು ಹೋದವನು ಕೈ ಹಿಂದೆಗೆದುಕೊಂಡ. ಅವನ ಮುಖ ಬಿಳುಚಿಕೊಂಡಿತ್ತು. ಅವಳ ಮುಖದಲ್ಲಿ ಏನನ್ನು ಕಂಡನೋ.

'ದೊಡ್ಡವ್ವ, ಆಸ್ಪತ್ರೇಲಿ ನೀನು ಬುಡು ಅಂದಿದ್ದು... ಸಾಕು ಅಂತ ತಾನೆ? ನಾನು ತಪ್ಪಾಗೇನೂ...'

ಶಾಹಬಾಜ್ ಮತ್ತೆ ಹಾರನ್ ಹೊಡೆದ. ಚಿಕ್ಕಲಕ್ಷ್ಮಮ್ಮ ಕೈಚಾಚಿ ಮನುವಿನ ಕೆನ್ನೆ ಸವರಿದಳು.

'ಸಾಕು ಅಂತ್ಲೇ ಕಣಪ್ಪ ಅಂದಿದ್ದು. ನೀನು ಸರ್ಯಾಗೇ ತಿಳ್ಕಂಡೆ. ಈಗ್ಯಾಕೆ ಅದು, ಬುಡಪ್ಪ.'

ಈ ಬುಡು ಯಾವುದೆಂದು ಅವನಿಗೆ ತಿಳಿಯಿತು. ಉಸಿರು ಬಿಟ್ಟು ಗಾಡಿ ಹೊರಡಿಸಿದ. ಏರಿ ಮುಗಿಯುವ ಹತ್ತಿರ ದಾರಿ ಎರಡಾಗುತ್ತದೆ. 'ಎಡಕ್ಕೋ ಬಲಕ್ಕೋ ದೊಡ್ಡವ್ವ?' ಅಂತ ಕೇಳಿದ. ಅವಳು ಕಿಟಕಿಯ ಕಡೆ ಮುಖ ತಿರುಗಿಸಿಕೊಂಡು, ಸೆರಗು ಬಾಯಿಗೊತ್ತಿಕೊಂಡು, ಕೈಯಲ್ಲಿ ಎಡಕ್ಕೆ ತೋರಿಸಿದಳು. ಬಾಯಿ ತೆರೆಯುವ ಹಾಗಿರಲಿಲ್ಲ.