ಗುಡಾರ ಸಾಕು, ಸೂರು ಬೇಕು

ಗಾಳಿಗೆ ಹರಿದ ಗುಡಾರಕ್ಕೆ ತೇಪೆ ಹಾಕಬಹುದು. ಅದರಡಿ ನೆನೆದ ಮಗುವಿನ ಜ್ವರಕ್ಕೆ ತೇಪೆ ಹಾಕಲಾಗದು. ಈ ಮಾತು ಆಸ್ವಾಲ್ಡರಿಗೆ ತಿಳಿಯದ್ದೇನಲ್ಲ. ತಿಳಿದೂ ಅವರು ಈ ವರ್ಷ ಮತ್ತೊಂದು ಗುಡಾರವನ್ನೇ ಕೊಂಡು ತಂದಿದ್ದರು.

ದುಬೈಯ ರಾಸ್ ಅಲ್ ಖೋರ್‌ನ ಗೋದಾಮಿನಲ್ಲಿ ಹಳೆಯ ಕಾರುಗಳ ಬಿಡಿಭಾಗಗಳನ್ನು ಕಂಟೇನರಿಗೆ ತುಂಬಿಸಿ ಮೊಂಬಾಸಾ ಬಂದರಿಗೆ ಕಳುಹಿಸುವುದು ಅವರ ಉದ್ಯೋಗ. ಮಾಲೀಕರ ಒಪ್ಪಿಗೆಯಿಂದ, ಎಂಜಿನುಗಳ ನಡುವೆ ಉಳಿದ ಜಾಗದಲ್ಲಿ ಪ್ರತಿವರ್ಷವೂ ಒಂದು ಗುಡಾರ ಕೆನ್ಯಾದ ಒಣ ಸೀಮೆಯ ಹಳ್ಳಿಯೊಂದಕ್ಕೆ ಹೋಗುತ್ತಿತ್ತು. ಅದು ಮ್ವೆಂಡೆಯ ಹಳ್ಳಿ. ಆಸ್ವಾಲ್ಡರ ಪತ್ನಿ ಎಮಿಲಿಯಾ ಮತ್ತು ಮ್ವೆಂಡೆ ಒಂದೇ ಆಸ್ಪತ್ರೆಯಲ್ಲಿ ನರ್ಸ್‌ಗಳು. ಆ ಹಳ್ಳಿಯಲ್ಲಿ ಭಾನುವಾರ ಗುಡಾರದಡಿ ಪ್ರಾರ್ಥನೆ. ಉಳಿದ ದಿನ ಅಲ್ಲಿಯೇ ಮಕ್ಕಳ ಪಾಠ, ಗರ್ಭಿಣಿಯರ ತಪಾಸಣೆ, ಚುಚ್ಚುಮದ್ದು, ಹೆಂಗಸರ ಸಂಘದ ಸಭೆ. ಕ್ರೈಸ್ತರಿಗೂ ಇತರರಿಗೂ ಅದೊಂದೇ ನೆರಳು. ಮಳೆಗಾಲ ಬಂತೆಂದರೆ ಗಾಳಿ ಆ ನೆರಳನ್ನೂ ಕಿತ್ತೊಯ್ಯುತ್ತಿತ್ತು.

ಕಂಟೇನರು ಮುಚ್ಚುವ ದಿನ ಹತ್ತಿರವಾದಂತೆ ಆಸ್ವಾಲ್ಡರಿಗೆ ಕೂತಲ್ಲಿ ಕೂರಲಾಗಲಿಲ್ಲ, ನಿಂತಲ್ಲಿ ನಿಲ್ಲಲಾಗಲಿಲ್ಲ. ಗುಡಾರದ ಕಟ್ಟನ್ನು ಒಳಗಿಡಿಸಿದರು. ಮತ್ತೆ ಹೊರಗೆ ತೆಗೆಸಿದರು. ಬೆಳಿಗ್ಗೆ ಮನೆಯಲ್ಲಿ ನಡೆದ ಮಾತು ಮನಸ್ಸನ್ನು ಕೊರೆಯುತ್ತಿತ್ತು. ಹಳ್ಳಿಯವರಿಗೆ ಈ ಸಲ ಗುಡಾರ ಬೇಡವಂತೆ. ಗೋಡೆಯೂ ಗಟ್ಟಿಯಾದ ಮಾಡೂ ಇರುವ ಒಂದು ಸಮುದಾಯ ಭವನ ಕಟ್ಟಲು ನೆರವಾಗಬೇಕಂತೆ. ಎಮಿಲಿಯಾ ಹಾಗೆಂದಾಗ ಆಸ್ವಾಲ್ಡರು, ಮರುಭೂಮಿಯಲ್ಲಿ ದೇವರೇ ಗುಡಾರದಲ್ಲಿ ವಾಸಮಾಡಿದನಲ್ಲವೇ ಎಂದು ಶಾಸ್ತ್ರ ಹೇಳಿದ್ದರು.

"ದೇವರಿಗೆ ನೆಗಡಿ ಆಗುದಿಲ್ಲ ಆಸ್ವಾಲ್ಡ್. ಮಕ್ಕಳಿಗೆ ಆಗ್ತದೆ," ಎಂದು ಎಮಿಲಿಯಾ ಡ್ಯೂಟಿಗೆ ಹೊರಟುಹೋಗಿದ್ದರು.

ಪಕ್ಕದ ಟಯರ್ ಅಂಗಡಿಯ ಉಮ್ಮರಬ್ಬ ಸುಲೈಮಾನಿ ಚಹಾದ ಎರಡು ಲೋಟ ಹಿಡಿದು ಬಂದರು.

"ಎಂತ ಮಾರಾಯ, ಗುಡಾರವನ್ನು ಒಳಗೆ ಹೊರಗೆ ಮಾಡುದು? ಅದಕ್ಕೂ ವೀಸಾ ಸಿಗ್ಲಿಲ್ವಾ?"

ಆಸ್ವಾಲ್ಡರು ನಗಲಿಲ್ಲ. ಭವನದ ಸಂಗತಿಯನ್ನು ಹೇಳಿ, ಒಳಗಿನ ಅಳುಕನ್ನೂ ತೋಡಿಕೊಂಡರು.

"ನಮ್ಮೂರಿನ ಭವನ ನೀವು ನೋಡಿದ್ದೀರಲ್ಲ ಉಮ್ಮರಬ್ಬಾಕ? ಗಲ್ಫಿನವರೆಲ್ಲ ಸೇರಿ ಕಟ್ಟಿಸಿದ್ದು. ಗೋಡೆ ತುಂಬ ಅಮೃತಶಿಲೆಯಲ್ಲಿ ದಾನಿಗಳ ಹೆಸರು. ಈಗ ಬಾಗಿಲಿಗೆ ಬೀಗ, ಒಳಗೆ ಬಾವಲಿ. ಗುಡಾರ ಆದ್ರೆ ಉಪಯೋಗ ಆಗಿಯಾದ್ರೂ ಹರಿತದೆ."

"ಬೀಗದ ಕೈ ಯಾರತ್ರ ಉಂಟು?"

ಆಸ್ವಾಲ್ಡರು ಚಹಾವನ್ನು ಒಂದು ಗುಟುಕು ಕುಡಿದರು. "ಸಮಿತಿ ಅಧ್ಯಕ್ಷರತ್ರ. ಅಬುಧಾಬಿಯಲ್ಲಿ."

"ಹಾಗಾದ್ರೆ ತಪ್ಪು ಗೋಡೆಯದ್ದಲ್ಲ," ಎಂದರು ಉಮ್ಮರಬ್ಬ.

ಆ ಸಂಜೆ ಅಲ್ ಕುಸೈಸ್‌ನ ಆಸ್ವಾಲ್ಡರ ಫ್ಲ್ಯಾಟಿಗೆ ಮ್ವೆಂಡೆ ಊಟಕ್ಕೆ ಬಂದಳು. ಕಳೆದ ಮಳೆಗಾಲದ ಒಂದು ದಿನವನ್ನು ಅವಳು ಇಂಗ್ಲಿಷಿನಲ್ಲಿ, ದನಿ ಏರಿಸದೆ ಹೇಳಿದಳು. ಅದು ಚುಚ್ಚುಮದ್ದಿನ ದಿನ. ತಾಯಂದಿರು ಕೂಸುಗಳನ್ನು ಬೆನ್ನಿಗೆ ಕಟ್ಟಿಕೊಂಡು ಸಾಲಿನಲ್ಲಿ ನಿಂತಿದ್ದರು. ಗಾಳಿ ಎದ್ದಿತು, ನಡುಗಂಬ ಮುರಿಯಿತು, ಮದ್ದಿನ ಪೆಟ್ಟಿಗೆ ಕೆಸರಿಗುರುಳಿತು. ನಿಲ್ಲುವಂಥ ಸೂರಿಲ್ಲದೆ ಮಳೆಗಾಲದಲ್ಲಿ ಮದ್ದು ತರಲಾರೆನೆಂದು ದೂರದಿಂದ ಬರುತ್ತಿದ್ದ ದಾದಿ ಹೇಳಿ ಹೋದಳು. ಆ ಸಾಲಿನಲ್ಲಿ ಮ್ವೆಂಡೆಯ ತಂಗಿಯೂ ಇದ್ದಳು. ಕೆಲವೇ ವಾರಗಳಲ್ಲಿ ತಂಗಿಯ ಮಗುವಿಗೆ ದಡಾರ ಬಂತು. ಜೀವ ಉಳಿಯಿತು, ಒಂದು ಕಣ್ಣಿನ ಬೆಳಕು ಉಳಿಯಲಿಲ್ಲ.

ಆ ತಂಗಿಯ ಮಡಿಲಲ್ಲಿ ಈಗ ಇನ್ನೊಂದು ಹಸುಗೂಸು. ಅದಕ್ಕೂ ದಡಾರದ ಚುಚ್ಚುಮದ್ದಿನ ಕಾಲ ಬರುತ್ತದೆ. ಅಷ್ಟರೊಳಗೆ ಸೂರು ಏಳಬೇಕು.

ಆಸ್ವಾಲ್ಡರು ಎದ್ದು ಕಿಟಕಿಯ ಬಳಿ ಹೋದರು, ಮರಳಿ ಬಂದರು. ಭವನ ಎದ್ದ ಮೇಲೆ ಬೀಗದ ಕೈ ಯಾರ ಬಳಿ ಇರುತ್ತದೆ ಎಂದು ಕೇಳಿದರು.

ಈ ಪ್ರಶ್ನೆಗೆ ಮ್ವೆಂಡೆಗೆ ನಗು ಬಂತು. ಯಾವ ಮನೆಯವರಿಗೆ ಆ ವಾರದ ಕಸ ಗುಡಿಸುವ ಸರದಿಯೋ ಆ ಮನೆಯ ಗೂಟದಲ್ಲಿ ಇರುತ್ತದೆ ಎಂದಳು. ಆಮೇಲೆ ಫೋನಿನಲ್ಲಿ ಒಂದು ಚಿತ್ರ ತೋರಿಸಿದಳು: ಗುಡಾರದ ಪಕ್ಕದಲ್ಲಿ ಎದೆಯೆತ್ತರದ ಕಲ್ಲಿನ ರಾಶಿ. ಭಾನುವಾರ ಪ್ರಾರ್ಥನೆಗೆ ಬರುವಾಗ ಪ್ರತಿ ಮನೆಯವರೂ ಅಡಿಪಾಯಕ್ಕೆಂದು ಒಂದು ಕಲ್ಲು ಹೊತ್ತು ತರುತ್ತಾರೆ. ಅಜ್ಜಿಯರು ಮುಷ್ಟಿಯಷ್ಟನ್ನಾದರೂ ತರುತ್ತಾರೆ. ಜಾಗ ಇದೆ, ಗಾರೆಯವರು ಊರಿನಲ್ಲೇ ಇದ್ದಾರೆ. ಇಲ್ಲದಿರುವುದು ಸಿಮೆಂಟು, ಮಾಡಿನ ತಗಡು, ಮಾಡಿನಿಂದಿಳಿವ ನೀರು ಹಿಡಿಯಲು ಒಂದು ತೊಟ್ಟಿ. ಒಣಸೀಮೆಯಲ್ಲಿ ಗುಡಾರದಿಂದ ಸುರಿದ ನೀರು ಕೆಸರಾಗುತ್ತದೆ. ಸೂರಿನಿಂದ ಇಳಿದದ್ದು ಬೇಸಿಗೆಗೆ ಕುಡಿಯುವ ನೀರಾಗುತ್ತದೆ.

ಆಸ್ವಾಲ್ಡರ ಮನಸ್ಸು ಕರಗಿತು. ಆದರೂ ಊರಿನ ಅಭ್ಯಾಸ ಬಿಡಬೇಕಲ್ಲ! ತೀರಿಹೋದ ತಾಯಿಯ ಹೆಸರಿನ ಸಣ್ಣದೊಂದು ಫಲಕ ಗೋಡೆಯಲ್ಲಿ ಇರಬಹುದೇ ಎಂದು ಮೆಲ್ಲಗೆ ಕೇಳಿದರು.

"ಇಡೋಣ ಬ್ರದರ್," ಎಂದಳು ಮ್ವೆಂಡೆ. "ಆದರೆ ಮಾಡು ಸೋರಿದ ದಿನ ನಮ್ಮವರು ಆ ಹೆಸರನ್ನು ನೋಡುತ್ತ ನಿಮಗಾಗಿ ಕಾಯುತ್ತಾರೆ. ಹೆಸರಿಲ್ಲದಿದ್ದರೆ ಏಣಿ ತರುತ್ತಾರೆ."

ಆಸ್ವಾಲ್ಡರು ಕಲ್ಲಿನ ರಾಶಿಯ ಚಿತ್ರವನ್ನು ಮತ್ತೊಮ್ಮೆ ನೋಡಿದರು. ಬಳಿಕ ಆಸ್ವಾಲ್ಡರು, ಫಲಕ ಬೇಡ ಎಂದರು. ಹೇಳಿದವರೇ ತಡೆಯಲಾರದೆ ಫೋನು ಎತ್ತಿಕೊಂಡು, ಕೈಲಾದಷ್ಟನ್ನು ನನ್ನ ಖಾತೆಗೆ ಹಾಕಿ ಎಂದು ಊರವರ ವಾಟ್ಸಾಪ್ ಗುಂಪಿಗೆ ಬರೆಯತೊಡಗಿದರು. ಎಮಿಲಿಯಾ ಪರದೆಯ ಮೇಲೆ ಅಂಗೈ ಇಟ್ಟರು.

"ಇದನ್ನು ಕಳಿಸಿದ್ರೆ ಖಲಾಸ್. ಭವನಕ್ಕೆ ಗಾರೆಯವರು ಬರುವ ಮೊದಲು ನಮ್ಗೆ ವಕೀಲರು ಬೇಕಾಗ್ತಾರೆ."

ಅನುಮತಿ ಪಡೆದ ಸಂಸ್ಥೆಗಳಲ್ಲದೆ ಬೇರೆ ಯಾರೂ ಈ ದೇಶದಲ್ಲಿ ದೇಣಿಗೆ ಸಂಗ್ರಹಿಸುವಂತಿಲ್ಲ. ಉದ್ದೇಶ ಎಷ್ಟೇ ಪವಿತ್ರವಾದರೂ ಕಾನೂನಿಗೆ ಅದು ತಪ್ಪೇ. ಮರುದಿನ ಆಸ್ವಾಲ್ಡರು ಚರ್ಚಿನ ಕಚೇರಿಗೆ ಹೋಗಿ ಸರಿಯಾದ ದಾರಿ ಕೇಳಿದರು. ಅಲ್ಲಿ ಪಾದ್ರಿಗಳು ಅನುಮತಿಯುಳ್ಳ ಸಂಸ್ಥೆಯೊಂದನ್ನು ತೋರಿಸಿಕೊಟ್ಟರು. ಮನವಿ ಹಳ್ಳಿಯವರಿಂದಲೇ ಬರಲಿ ಎಂದರು. ಬಂತು. ಸಿಮೆಂಟಿಗೆಂದು ಆಸ್ವಾಲ್ಡರು ತಮ್ಮ ಪಾಲನ್ನು ಆ ಸಂಸ್ಥೆಗೇ ಕಟ್ಟಿದರು.

ಕಂಟೇನರು ಮುಚ್ಚುವ ದಿನ ಗುಡಾರದ ಕಟ್ಟು ಮತ್ತೆ ಒಳಗೆ ಹೋಯಿತು.

"ವೀಸಾ ಸಿಕ್ಕಿತಾ?" ಎಂದರು ಉಮ್ಮರಬ್ಬ.

"ಸಿಕ್ತು. ಆದ್ರೆ ಕೆಲಸ ಬೇರೆ. ಮಳೆಯಲ್ಲಿ ಸಿಮೆಂಟ್ ಮೂಟೆ ಕಾಯುದು."

ಬಾಗಿಲು ಮುಚ್ಚಿದ ಮೇಲೂ ಆಸ್ವಾಲ್ಡರ ಕಾಲು ಒಂದೆಡೆ ನಿಲ್ಲಲಿಲ್ಲ. ಫೋನು ತೆಗೆದು ಅಬುಧಾಬಿಗೆ ಕರೆ ಮಾಡಿದರು. "ಅಧ್ಯಕ್ಷರೇ, ಊರಿನ ಭವನದ ಬೀಗದ ಕೈಯನ್ನು ಮೊದಲು ಊರಿಗೆ ಹೋಗುವವರ ಹತ್ರ ಕಳಿಸಿಬಿಡಿ. ಅಲ್ಲಿಯವರೇ ಇಟ್ಟುಕೊಳ್ಳಲಿ."

ಬಂಧುಗಳೇ, ಅರವಟ್ಟಿಗೆಯನ್ನೂ ಛತ್ರವನ್ನೂ ಕಟ್ಟಿ ಊರಿಗೊಪ್ಪಿಸಿ, ತಾವು ಮರೆಗೆ ಸರಿದ ಹಿರಿಯರ ಮಕ್ಕಳು ನಾವು. ದೂರದ ಆಫ್ರಿಕದ ಹಳ್ಳಿಯಲ್ಲಿ ಕಲ್ಲು ಹೊತ್ತವರು ಕಾಯುತ್ತಿದ್ದಾರೆ. ಅವರಿಗೆ ಏನು ಬೇಕೆಂದು ಮೊದಲು ಅವರನ್ನೇ ಕೇಳಿ. ಕೊಡುವುದನ್ನು ಅನುಮತಿಯುಳ್ಳ ಸಂಸ್ಥೆಯ ಮೂಲಕವೇ ಕೊಡಿ. ವರ್ಷವರ್ಷವೂ ಹರಿಯುವುದನ್ನು ಬಿಟ್ಟು, ಒಮ್ಮೆ ನಿಲ್ಲುವುದನ್ನು ಕಟ್ಟೋಣ. ಬೀಗದ ಕೈ ಅವರಲ್ಲೇ ಇರಲಿ. ನಾಳೆ ನೋಡೋಣವೆನ್ನಬೇಡಿ. ಮಳೆ ಯಾರಿಗಾಗಿಯೂ ಕಾಯುವುದಿಲ್ಲ.